ಎಡ್ಮಂಟನ್‌ನ ಆ ಕಂದು ಹಕ್ಕಿ ಜರ್‌ಫಾಲ್ಕನ್ನೇ?

ಪ್ರಶ್ನೆ: ನಾನು ಮೂಲತಃ ಹಾಸನದ ಕಡೆಯವಳು, ಈಗ ಕೆನಡಾದ ಎಡ್ಮಂಟನ್‌ನಲ್ಲಿದ್ದೇನೆ. ಜನವರಿಯಲ್ಲಿ ಗ್ರೇನ್ ಎಲಿವೇಟರ್ (ಧಾನ್ಯ ತುಂಬಿಡುವ ಎತ್ತರದ ಉಗ್ರಾಣ) ಒಂದರ ಹತ್ತಿರ ದೊಡ್ಡದೊಂದು ಹಕ್ಕಿ ಪಾರಿವಾಳ ಹಿಡಿದು ದೀಪದ ಕಂಬದ ಮೇಲೆ ಕೂತಿತ್ತು. ಮೈ ಕಂದು, ಎದೆ-ಹೊಟ್ಟೆಯ ಮೇಲೆಲ್ಲ ಗೀರುಗಳು. ಅಲ್ಲಿದ್ದ ಹಿರಿಯರೊಬ್ಬರು ‘ಇದು ಜರ್‌ಫಾಲ್ಕನ್’ ಅಂದರು. ಮನೆಗೆ ಬಂದು ಹುಡುಕಿದರೆ ಬರೀ ಬಿಳಿ ಹಕ್ಕಿಯ ಚಿತ್ರಗಳು. ಅಲ್ಲೊಂದು ಇಲ್ಲೊಂದು ಬೂದು, ಕಪ್ಪು. ಇವೆಲ್ಲ ಬೇರೆ ಬೇರೆ ಜಾತಿಗಳೇ? ಗಂಡು-ಹೆಣ್ಣಿನ ವ್ಯತ್ಯಾಸವೇ? ಚಳಿಗಾಲದಲ್ಲಿ ಬಿಳಿಯಾಗುತ್ತವೆಯೇ? ನಾನು ನೋಡಿದ್ದು ಪೆರೆಗ್ರಿನ್ ಆಗಿರಬಹುದೇ? ಮೂರು ಚಿತ್ರ ಕಳುಹಿಸಿದ್ದೇನೆ.

ಉತ್ತರ: ಆ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಚಿತ್ರದಲ್ಲಿರುವುದು ಜರ್‌ಫಾಲ್ಕನ್, ಅಂದರೆ ಉತ್ತರದ ಹಿಮನಾಡಿನ ಚಾಣ (ಫಾಲ್ಕನ್). ಕಳೆದ ಬೇಸಿಗೆಯಲ್ಲಿ ಉತ್ತರದ ಯಾವುದೋ ಬಂಡೆಗೋಡೆಯ ಮೇಲೆ ಹುಟ್ಟಿ, ಮೊದಲ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಇಳಿದ ಎಳೆಯ ಹಕ್ಕಿ. ಬಣ್ಣದ ಲೆಕ್ಕದಲ್ಲಿ ಬೂದು ಗುಂಪಿನದು. ‘ಕಂದು ಕಾಣುತ್ತಿದೆಯಲ್ಲ, ಬೂದು ಹೇಗಾಯಿತು’ ಎಂದು ನೀವು ಕೇಳುವುದು ಸಹಜ, ಅದಕ್ಕೆ ಆಮೇಲೆ ಬರುತ್ತೇನೆ. ಈ ಹಕ್ಕಿಯ ವಿಷಯದಲ್ಲಿ ಬಣ್ಣವನ್ನು ಕೊನೆಗೆ ನೋಡಬೇಕು. ಮೊದಲು ಆಕಾರ, ಆಮೇಲೆ ವಯಸ್ಸು, ಅದಾದ ಮೇಲೆ ಬಣ್ಣ. ಬಣ್ಣದಿಂದ ಶುರು ಮಾಡಿದವರು ಜರ್‌ಫಾಲ್ಕನ್ ಮುಂದೆ ಕೂತಿದ್ದರೂ ಅದನ್ನು ಬೇರೇನೋ ಅಂದುಕೊಂಡು ಹೊರಟುಬಿಡುತ್ತಾರೆ.

ನಿಮ್ಮ ಮೊದಲನೆಯ ಚಿತ್ರವನ್ನೇ ತೆಗೆದುಕೊಳ್ಳಿ. ಹಕ್ಕಿ ಪಕ್ಕಕ್ಕೆ ತಿರುಗಿ ಕೂತಿದೆ. ಮಡಿಸಿದ ರೆಕ್ಕೆಯ ತುದಿ ಎಲ್ಲಿಗೆ ಮುಗಿಯುತ್ತದೆ ನೋಡಿ: ಬಾಲದ ಮುಕ್ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಅದರಾಚೆಗೆ ಬಾಲ ಸಾಕಷ್ಟು ಉದ್ದಕ್ಕೆ ಚಾಚಿಕೊಂಡಿದೆ. ಅದೇ ಕುಲದ ಇನ್ನೊಂದು ಚಾಣ ಪೆರೆಗ್ರಿನ್ ಆಗಿದ್ದರೆ ರೆಕ್ಕೆಯ ತುದಿ ಬಾಲದ ತುದಿಗೆ ಹೆಚ್ಚುಕಡಿಮೆ ತಾಗಿರುತ್ತಿತ್ತು. ಕೂತ ಹಕ್ಕಿಯಲ್ಲಿ ಇವೆರಡನ್ನು ಬೇರೆ ಮಾಡಲು ನಾನು ಅತಿ ಹೆಚ್ಚು ನಂಬುವ ಗುರುತು ಇದೇ. ಬಿಸಿಲು, ಮೋಡ, ಕ್ಯಾಮೆರಾ ಯಾವುದೂ ಇದನ್ನು ಕೆಡಿಸಲಾರವು. ಗರಿ ಉದುರಿಸುವ ಕಾಲದಲ್ಲಿ ರೆಕ್ಕೆಯ ಗರಿಗಳು ಪೂರ್ತಿ ಬೆಳೆದಿರುವುದಿಲ್ಲವಾದ್ದರಿಂದ ಆಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಜನವರಿಯಲ್ಲಿ ಆ ತೊಂದರೆಯಿಲ್ಲ.

ಇನ್ನು ಮುಖ. ಊರಿನಲ್ಲಿದ್ದಾಗ ಬಂಡೆ ಬೆಟ್ಟಗಳಲ್ಲಿ ನೀವು ಶಾಹೀನ್ ನೋಡಿರಬಹುದು. ಅದು ಪೆರೆಗ್ರಿನ್‌ನದೇ ಉಪಜಾತಿ. ತಲೆಯ ಮೇಲೆ ಕಪ್ಪು ಟೋಪಿ ಹಾಕಿದಂತಿದ್ದು, ಕಣ್ಣಿನ ಕೆಳಗೆ ದಪ್ಪ ಕಪ್ಪು ಮೀಸೆ ಇಳಿದಿರುತ್ತದೆ. ಕೆನಡಾದ ಪೆರೆಗ್ರಿನ್‌ನ ಮುಖದಲ್ಲೂ ಆ ಮೀಸೆ ಎದ್ದು ಕಾಣುತ್ತದೆ. ನಿಮ್ಮ ಹಕ್ಕಿಯಲ್ಲಿ ಮೀಸೆ ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಕೆನ್ನೆಯ ಮೇಲೆಲ್ಲ ಸಣ್ಣ ಸಣ್ಣ ಗೀರುಗಳು ಹರಡಿಕೊಂಡು ಮೀಸೆಯ ಅಂಚನ್ನೇ ಅಳಿಸಿಬಿಟ್ಟಿವೆ. ತಲೆ ದೊಡ್ಡದು, ಆದರೆ ಅಗಲವಾದ ಎದೆಗೆ ಹೋಲಿಸಿದರೆ ಚಿಕ್ಕದೆನಿಸುತ್ತದೆ. ಹೊಟ್ಟೆಯ ಕೆಳಗಿನ ಗರಿಗಳು ಉಬ್ಬಿ ಕಾಲನ್ನು ಅರ್ಧ ಮುಚ್ಚಿವೆ. ಜರ್‌ಫಾಲ್ಕನ್‌ನ ಕಾಲಿನ ಮೇಲರ್ಧಕ್ಕೂ ಗರಿಗಳಿರುವುದರಿಂದ ಚಳಿಯಲ್ಲಿ ಮೈ ಉಬ್ಬಿಸಿ ಕೂತಾಗ ಪಂಜ ಮಾತ್ರ ಹೊರಗೆ ಕಾಣುತ್ತದೆ.

ಗಾತ್ರದ ಬಗ್ಗೆ ನಾನು ಸಾಮಾನ್ಯವಾಗಿ ಯಾರ ಮಾತನ್ನೂ ನಂಬುವುದಿಲ್ಲ. ಒಂಟಿ ಕಂಬದ ಮೇಲಿನ ಹಕ್ಕಿ ಎಷ್ಟು ದೊಡ್ಡದೆಂದು ಅಂದಾಜು ಮಾಡುವುದು ಅನುಭವಿಗಳಿಗೂ ಕಷ್ಟ. ಆದರೆ ನಿಮ್ಮ ಅದೃಷ್ಟ, ಅಳತೆಗೋಲು ಅದರ ಕಾಲಿನಲ್ಲೇ ಇದೆ. ಊರ ಪಾರಿವಾಳ ಕೊಕ್ಕಿನಿಂದ ಬಾಲದವರೆಗೆ 30ರಿಂದ 35 ಸೆಂ.ಮೀ. ಇರುತ್ತದೆ. ನಿಮ್ಮ ಹಕ್ಕಿ ಅದರ ಹೆಚ್ಚುಕಡಿಮೆ ಎರಡರಷ್ಟಿದೆ. ಅಂದರೆ 60 ಸೆಂ.ಮೀ. ಆಸುಪಾಸು. ಚಾಣಗಳ ಕುಲದಲ್ಲೇ ಜರ್‌ಫಾಲ್ಕನ್ ಎಲ್ಲಕ್ಕಿಂತ ದೊಡ್ಡದು. ಗಂಡು ಸುಮಾರು 1ರಿಂದ 1.3 ಕಿಲೋ ತೂಗಿದರೆ ಹೆಣ್ಣು 2 ಕಿಲೋವರೆಗೂ ಹೋಗುತ್ತದೆ. ಗಂಡು ಜರ್‌ಫಾಲ್ಕನ್ ಮತ್ತು ದೊಡ್ಡ ಹೆಣ್ಣು ಪೆರೆಗ್ರಿನ್ ಗಾತ್ರದಲ್ಲಿ ಒಂದರ ಹತ್ತಿರ ಒಂದು ಬರುತ್ತವೆ. ಹಾಗಾಗಿ ‘ದೊಡ್ಡದಿತ್ತು’ ಎಂಬುದೊಂದೇ ಸಾಕ್ಷಿಯಾಗಲಾರದು. ನಿಮ್ಮದು ಆ ಗಡಿಯನ್ನು ದಾಟಿದ ಹಕ್ಕಿ.

ಎರಡನೆಯ ಚಿತ್ರ ಹಾರುವಾಗಿನದು, ಸ್ವಲ್ಪ ಅಲುಗಿದೆ. ಆದರೂ ಬೇಕಾದ್ದು ಕಾಣುತ್ತದೆ. ರೆಕ್ಕೆ ಅಗಲವಾಗಿದೆ, ತುದಿ ಚಾಣಗಳಲ್ಲಿ ಇರಬೇಕಾದಷ್ಟು ಚೂಪಾಗಿಲ್ಲ, ಮೊಂಡು. ಬಾಲ ಬುಡದಿಂದಲೇ ದಪ್ಪ. ರೆಕ್ಕೆಯ ಕೆಳಭಾಗವನ್ನು ದೊಡ್ಡದು ಮಾಡಿ ನೋಡಿ: ಮುಂದಿನ ಅರ್ಧ ಗಾಢವಾಗಿದೆ, ಹಿಂದಿನ ಹಾರುಗರಿಗಳು ತಿಳಿಯಾಗಿ, ಬೆಳಕು ಹಾಯುವಂತಿವೆ. ಈ ಎರಡು ಛಾಯೆಯ ರೆಕ್ಕೆ ಎಳೆಯ ಬೂದು ಮತ್ತು ಕಪ್ಪು ಜರ್‌ಫಾಲ್ಕನ್‌ಗಳ ಒಳ್ಳೆಯ ಗುರುತು. ಪೆರೆಗ್ರಿನ್‌ನ ರೆಕ್ಕೆಯಡಿ ಉದ್ದಕ್ಕೂ ಒಂದೇ ಗಾಢತೆ ಇರುತ್ತದೆ.

ಹಾರಾಟದ ರೀತಿಯನ್ನು ನೀವು ಬರೆದಿಲ್ಲ. ಮುಂದಿನ ಸಲ ಗಮನಿಸಿ. ಪೆರೆಗ್ರಿನ್ ಆಕಾಶದೆತ್ತರದಿಂದ ರೆಕ್ಕೆ ಮಡಿಸಿ ಬೀಳುವುದಕ್ಕೆ ಹೆಸರುವಾಸಿ. ಜರ್‌ಫಾಲ್ಕನ್ ಹೆಚ್ಚಾಗಿ ನೆಲಕ್ಕೆ ಹತ್ತಿರವಾಗಿ, ದಿಬ್ಬ-ತಗ್ಗುಗಳ ಮರೆಯಲ್ಲಿ ಬಂದು ಎರಗುತ್ತದೆ. ತಪ್ಪಿಸಿಕೊಂಡ ಬೇಟೆಯನ್ನು ಸುಲಭಕ್ಕೆ ಬಿಡದೆ ದೂರದವರೆಗೆ ಬೆನ್ನಟ್ಟುತ್ತದೆ. ರೆಕ್ಕೆ ಬಡಿತ ನೋಡಲು ನಿಧಾನ, ಆದರೆ ಪ್ರತಿ ಬಡಿತಕ್ಕೂ ಹಕ್ಕಿ ಮುಂದಕ್ಕೆ ಚಿಮ್ಮುತ್ತದೆ. ನಿಧಾನವೆಂದು ತಿಳಿದು ದುರ್ಬೀನು ಎತ್ತುವಷ್ಟರಲ್ಲಿ ಅದು ಹೊಲದಾಚೆ ಇರುತ್ತದೆ. ಉತ್ತರದಲ್ಲಿ ಇದರ ಮುಖ್ಯ ಆಹಾರ ಟಾರ್ಮಿಗನ್ ಎಂಬ, ಕೌಜುಗಕ್ಕಿಂತ ದೊಡ್ಡದಾದ ಹಿಮನಾಡಿನ ಹಕ್ಕಿ. ಐಸ್‌ಲ್ಯಾಂಡ್‌ನಲ್ಲಿ ಸುಮಾರು 10 ವರ್ಷಕ್ಕೊಮ್ಮೆ ಟಾರ್ಮಿಗನ್ ಸಂಖ್ಯೆ ಏರಿ ಇಳಿಯುತ್ತದೆ, ಅದರ ಬೆನ್ನಿಗೇ ಜರ್‌ಫಾಲ್ಕನ್ ಸಂಖ್ಯೆಯೂ ಏರಿಳಿಯುತ್ತದೆ. ನಿಮ್ಮ ಅಲ್ಬರ್ಟಾ ಪ್ರಾಂತ್ಯದ ಬಯಲಿಗೆ ಬಂದಾಗ ಪಾರಿವಾಳವೂ ಆಗುತ್ತದೆ, ನೀರು ಹೆಪ್ಪುಗಟ್ಟದ ಕಡೆ ಉಳಿದುಕೊಂಡ ಮಲ್ಲಾರ್ಡ್ ಬಾತುಗಳೂ ಆಗುತ್ತವೆ. ಕಷ್ಟಪಟ್ಟು ಹಿಡಿದ ಬಾತನ್ನು ಬಾಲ್ಡ್ ಈಗಲ್ ಬಂದು ಕಿತ್ತುಕೊಂಡು ಹೋಗುವುದು ಅಲ್ಲಿ ದಾಖಲಾಗಿರುವ ಸಂಗತಿ.

ನಿಮ್ಮ ಊರಲ್ಲಿ ಗೊಂದಲಕ್ಕೆ ಕಾರಣವಾಗುವ ಇನ್ನೆರಡು ಹಕ್ಕಿಗಳಿವೆ. ಒಂದು ಗಾಸ್‌ಹಾಕ್. ನಮ್ಮ ಶಿಕ್ರಾದ ದೊಡ್ಡ ನೆಂಟ. ಅದರ ಕಣ್ಣು ಹಳದಿ ಇಲ್ಲವೇ ಕೆಂಪು, ರೆಕ್ಕೆ ಗುಂಡಗೆ, ಹುಬ್ಬಿನ ಮೇಲೆ ಬಿಳಿ ಪಟ್ಟೆ. ಚಾಣಗಳ ಕಣ್ಣು ಯಾವ ವಯಸ್ಸಿನಲ್ಲೂ ಕಪ್ಪು-ಕಂದು. ಇನ್ನೊಂದು ಪ್ರೇರಿ ಫಾಲ್ಕನ್: ಚಿಕ್ಕದು, ಮಣ್ಣಿನ ಬಣ್ಣ, ಮೀಸೆ ಸಣ್ಣದಾದರೂ ಸ್ಪಷ್ಟ, ಹಾರುವಾಗ ಕಂಕುಳಲ್ಲಿ ಕಪ್ಪು ಮಚ್ಚೆ. ಅದರ ರೆಕ್ಕೆಯೂ ಬಾಲದ ತುದಿ ಮುಟ್ಟದ ಕಾರಣ ಮೊದಲು ಹೇಳಿದ ಗುರುತು ಇದರ ಮುಂದೆ ನಡೆಯದು. ಕಂಕುಳ ಮಚ್ಚೆಯನ್ನೇ ನೋಡಬೇಕು.

ಈಗ ವಯಸ್ಸು. ನಿಮ್ಮ ಮೂರನೆಯ ಚಿತ್ರ ನನಗೆ ಎಲ್ಲಕ್ಕಿಂತ ಇಷ್ಟವಾಯಿತು, ಏಕೆಂದರೆ ಪಾದ ಕಾಣುತ್ತದೆ. ಪಾರಿವಾಳದ ಬಿಳಿ ಗರಿಗಳ ಮೇಲೆ ಊರಿದ ಆ ಬೆರಳುಗಳು ನೀಲಿ ಬೆರೆತ ಬೂದು ಬಣ್ಣದವು. ಕೊಕ್ಕಿನ ಬುಡದ ಚರ್ಮ, ಕಣ್ಣ ಸುತ್ತಲಿನ ಬಳೆ ಕೂಡ ಅದೇ ಬಣ್ಣ. ಬೆಳೆದ ಹಕ್ಕಿಯಲ್ಲಿ ಇವೆಲ್ಲ ಹಳದಿ. ಎದೆಯ ಒಂದು ಗರಿಯನ್ನೇ ದೊಡ್ಡದು ಮಾಡಿದರೆ ಕೆನೆಬಣ್ಣದ ಹಿನ್ನೆಲೆಯಲ್ಲಿ ಮೇಲಿಂದ ಕೆಳಕ್ಕೆ ಇಳಿದ, ಕೆಳಗೆ ದಪ್ಪವಾಗುವ ಕಂದು ಗೀರು ಕಾಣುತ್ತದೆ. ಸಾಲು ಸಾಲು ಗರಿಗಳ ಈ ಗೀರುಗಳು ಸೇರಿಯೇ ನೀವು ಕಂಡ ಉದ್ದ ಗೆರೆಗಳಾಗಿವೆ. ಬೆಳೆದ ಬೂದು ಹಕ್ಕಿಯಲ್ಲಿ ಗೆರೆಗಳ ದಿಕ್ಕೇ ಬದಲಾಗುತ್ತದೆ: ಎದೆಯಲ್ಲಿ ಚುಕ್ಕೆ, ಹೊಟ್ಟೆ ಮತ್ತು ಪಕ್ಕೆಯಲ್ಲಿ ಅಡ್ಡಪಟ್ಟೆ. ಉದ್ದ ಗೀರಾದರೆ ಎಳೆಯದು, ಅಡ್ಡಪಟ್ಟೆಯಾದರೆ ಬೆಳೆದದ್ದು. ಬೂದು ಗುಂಪಿನ ಎಳೆಯ ಹಕ್ಕಿಗಳ ಬೆನ್ನು ಶುದ್ಧ ಬೂದಾಗಿರದೆ ಕಂದು ಬೆರೆತಿರುತ್ತದೆ, ಗರಿಗಳ ಅಂಚು ತಿಳಿಯಾಗಿರುತ್ತದೆ. ನಿಮ್ಮ ‘ಕಂದು’ ಎಂದರೆ ಇದೇ.

ಬೆಳೆದ ಗಂಡುಗಳು ಚಳಿಗಾಲದಲ್ಲೂ ಆದಷ್ಟು ಉತ್ತರದಲ್ಲೇ, ತಮ್ಮ ಗೂಡಿನ ಪ್ರದೇಶದ ಹತ್ತಿರ ಉಳಿಯುತ್ತವೆ. ದಕ್ಷಿಣಕ್ಕೆ ಅಲೆಯುವವು ಹೆಚ್ಚಾಗಿ ಎಳೆಯವು, ಅವುಗಳ ಜೊತೆಗೆ ಹೆಣ್ಣುಗಳು. ಆದ್ದರಿಂದ ಎಡ್ಮಂಟನ್, ಕ್ಯಾಲ್ಗರಿ ಕಡೆ ಜರ್‌ಫಾಲ್ಕನ್ ಹುಡುಕುವವರು ಬಿಳಿ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬಾರದು. ಗೀರುಗಳಿರುವ ಕಂದು-ಬೂದು ಹಕ್ಕಿಯನ್ನೇ ಇಟ್ಟುಕೊಂಡು ಹೊರಡಬೇಕು.

ಇನ್ನು ಬಣ್ಣ. ನಿಮ್ಮ ಪ್ರಶ್ನೆಗಳಿಗೆ ನೇರ ಉತ್ತರ ಮೊದಲು: ಬೇರೆ ಜಾತಿಗಳಲ್ಲ. ಗಂಡು-ಹೆಣ್ಣಿನ ವ್ಯತ್ಯಾಸವೂ ಅಲ್ಲ. ಯಾವ ಬಣ್ಣದಲ್ಲೂ ಎರಡೂ ಇರುತ್ತವೆ. ಚಳಿಗಾಲದ ವೇಷವೂ ಅಲ್ಲ. ಟಾರ್ಮಿಗನ್ ಮತ್ತು ಹಿಮನರಿ ಚಳಿಗೆ ಬಿಳಿಯಾಗಿ ಬೇಸಿಗೆಗೆ ಕಂದಾಗುವುದು ನಿಜ. ಅದನ್ನು ಬಲ್ಲವರು ಜರ್‌ಫಾಲ್ಕನ್ ಕೂಡ ಹಾಗೇ ಎಂದುಕೊಳ್ಳುತ್ತಾರೆ. ಬಿಳಿ ಜರ್‌ಫಾಲ್ಕನ್ ಜೂನ್‌ನಲ್ಲೂ ಬಿಳಿ, ಬೂದು ಹಕ್ಕಿ ಡಿಸೆಂಬರ್‌ನಲ್ಲೂ ಬೂದು. ನಮ್ಮ ಕಬಿನಿಯ ಕರಿಚಿರತೆಯನ್ನು ನೆನೆಯಿರಿ. ಅದು ಬೇರೆ ಪ್ರಾಣಿಯಲ್ಲ, ಚಿರತೆಯೇ. ಚುಕ್ಕೆಯ ಚಿರತೆಗಳ ಜೊತೆಗೇ ಕೂಡಿ ಬಾಳುತ್ತದೆ, ಸಾಯುವವರೆಗೂ ಕಪ್ಪಾಗಿಯೇ ಇರುತ್ತದೆ. ಜರ್‌ಫಾಲ್ಕನ್‌ನ ಬಣ್ಣವೂ ಅಂಥದೇ ಹುಟ್ಟುಗುಣ. ಮೆಲನಿನ್ ಎಂಬ ಕಪ್ಪು ವರ್ಣಕವನ್ನು ನಿಯಂತ್ರಿಸುವ ಎಂಸಿ1ಆರ್ ಜೀನ್‌ನಲ್ಲಿರುವ ವ್ಯತ್ಯಾಸಕ್ಕೂ ಇದರ ಬಿಳಿ ಬಣ್ಣಕ್ಕೂ ಸಂಬಂಧವಿದೆ ಎಂದು ಸಂಶೋಧನೆ ತೋರಿಸಿದೆ. ಆದರೆ ಚಿರತೆಯಲ್ಲಿರುವಂತೆ ಎರಡೇ ಬಗೆ ಇಲ್ಲ. ಅಚ್ಚ ಬಿಳಿಯಿಂದ ಕಪ್ಪುಗಂದಿನವರೆಗೆ ನಡುವಿನ ಎಲ್ಲ ಛಾಯೆಗಳೂ ಇವೆ. ಬಿಳಿ, ಬೂದು, ಕಪ್ಪು ಎಂಬುದು ನಾವು ನಮ್ಮ ಅನುಕೂಲಕ್ಕೆ ಹಾಕಿಕೊಂಡ ಮೂರು ಖಾನೆ. ಒಂದು ಹಕ್ಕಿ ಬೂದೋ ಕಪ್ಪೋ ಎಂದು ಇಬ್ಬರು ಅನುಭವಿಗಳು ವಾದ ಮಾಡಿದರೆ ಇಬ್ಬರೂ ಸರಿ ಇರುವ ಸಾಧ್ಯತೆಯೇ ಹೆಚ್ಚು.

ಈ ಬಣ್ಣಗಳು ಎಲ್ಲೆಡೆ ಸಮವಾಗಿ ಹಂಚಿಕೆಯಾಗಿಲ್ಲ. ಉತ್ತರ ಗ್ರೀನ್‌ಲ್ಯಾಂಡ್‌ನಲ್ಲಿ ಬಿಳಿಯದೇ ರಾಜ್ಯಭಾರ, ಕೆನಡಾದ ತುತ್ತತುದಿಯ ದ್ವೀಪಗಳಲ್ಲೂ ಬಿಳಿ ಹೆಚ್ಚು. ಕೆನಡಾದ ಪೂರ್ವ ತುದಿಯ ಲ್ಯಾಬ್ರಡಾರ್ ಕಡೆ ಬಂದರೆ ಕಪ್ಪು ಹೆಚ್ಚು. ಐಸ್‌ಲ್ಯಾಂಡ್‌ನವು ತಿಳಿ ಬೂದು, ನಾರ್ವೆ-ಸ್ವೀಡನ್‌ನವು ಗಾಢ ಬೂದು. ರಷ್ಯಾದಲ್ಲಿ ಪೂರ್ವಕ್ಕೆ, ಕಾಮ್ಚಾಟ್ಕಾದತ್ತ ಹೋದಂತೆ ಬಿಳಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗೆ ಊರಿಗೊಂದು ಬಣ್ಣ ಇದ್ದುದರಿಂದಲೇ ಹಿಂದಿನವರು ಇದನ್ನು ಹಲವು ಉಪಜಾತಿಗಳಾಗಿ ಒಡೆದಿದ್ದರು: ಗ್ರೀನ್‌ಲ್ಯಾಂಡ್‌ನ ಬಿಳಿಗೆ ಕ್ಯಾಂಡಿಕಾನ್ಸ್, ಲ್ಯಾಬ್ರಡಾರ್‌ನ ಕಪ್ಪಿಗೆ ಒಬ್ಸೊಲೆಟಸ್ ಎಂದೆಲ್ಲ ಹೆಸರಿಟ್ಟರು. ಬೇರೆ ಬೇರೆ ಬಣ್ಣದವು ಸೇರುವ ಕಡೆ ಅವು ಒಂದರೊಡನೊಂದು ಜೋಡಿಯಾಗುವುದು, ನಡುವಿನ ಛಾಯೆಯ ಮರಿಗಳು ಹುಟ್ಟುವುದು ಗೊತ್ತಾದ ಮೇಲೆ ಆ ವಿಂಗಡಣೆ ಬಿದ್ದುಹೋಯಿತು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಕೊಟ್ಟ ಫಾಲ್ಕೊ ರಸ್ಟಿಕೋಲಸ್ ಎಂಬ ಒಂದೇ ಹೆಸರು, ಉಪಜಾತಿಗಳಿಲ್ಲದ ಒಂದೇ ಜಾತಿ ಎಂಬುದೇ ಈಗಿನ ತಿಳಿವಳಿಕೆ.

ಬಿಳಿಯದು ಬಿಳಿ ಎಂದರೂ ಪೂರ್ತಿ ಬಿಳಿಯಲ್ಲ. ಬೆಳೆದ ಹಕ್ಕಿಯ ಹೊಟ್ಟೆ ಕಲೆಯಿಲ್ಲದಂತಿದ್ದರೂ ಬೆನ್ನ ಮೇಲೆ ಕಪ್ಪು ಬೊಟ್ಟು, ಬಾಣದ ಮೊನೆಯಂಥ ಗುರುತುಗಳಿರುತ್ತವೆ, ರೆಕ್ಕೆಯ ತುದಿ ಕಪ್ಪು. ಎಳೆಯ ಬಿಳಿ ಹಕ್ಕಿಯ ಬೆನ್ನಿನ ಗುರುತುಗಳು ಉದ್ದವಾಗಿ, ಕಂದಾಗಿ ಇರುತ್ತವೆ. ಇಲ್ಲೂ ಪಾದದ ಬಣ್ಣವೇ ವಯಸ್ಸಿನ ಸಾಕ್ಷಿ. ಕಪ್ಪು ಹಕ್ಕಿ ಬೆಳೆದಾಗ ಬೆನ್ನು ಗೆರೆಯಿಲ್ಲದ ಕಪ್ಪುಗಂದು, ಹೊಟ್ಟೆಯಲ್ಲಿ ಮಾತ್ರ ತಿಳಿ ಚುಕ್ಕೆ ಮತ್ತು ಪಟ್ಟೆ. ಎಳೆಯ ಕಪ್ಪು ಹಕ್ಕಿ ನನ್ನ ದೃಷ್ಟಿಯಲ್ಲಿ ಗುರುತಿಸಲು ಎಲ್ಲಕ್ಕಿಂತ ಕಠಿಣ. ಮೈಯೆಲ್ಲ ಚಾಕೊಲೇಟ್ ಕಂದು, ತಲೆ ಗಾಢವಾಗಿ ಟೋಪಿ ಹಾಕಿದಂತೆಯೇ ಕಾಣುತ್ತದೆ. ಪೆಸಿಫಿಕ್ ಕರಾವಳಿಯಲ್ಲಿ ಪೆರೆಗ್ರಿನ್‌ನದೇ ಗಾಢವಾದ, ದೊಡ್ಡದಾದ ಒಂದು ಉಪಜಾತಿ ಇದೆ. ಅಂಥ ಕಡೆ ಈ ಎರಡರ ನಡುವೆ ಬಣ್ಣದಿಂದ ತೀರ್ಮಾನ ಕೊಡಲು ಹೊರಟರೆ ಎಡವುವುದು ಖಚಿತ. ರೆಕ್ಕೆಯ ತುದಿ, ಬಾಲದ ಉದ್ದ, ರೆಕ್ಕೆಯಡಿಯ ಎರಡು ಛಾಯೆ ಇವೇ ಗತಿ.

ಹಾಗಾದರೆ ಹುಡುಕಿದಾಗ ಬಿಳಿಯದೇ ಏಕೆ ಬರುತ್ತದೆ? ಮನುಷ್ಯರ ಕಣ್ಣು ಶತಮಾನಗಳಿಂದ ಬಿಳಿಯ ಮೇಲೆಯೇ ನೆಟ್ಟಿದೆ. ಮಧ್ಯಯುಗದಲ್ಲಿ ಬಿಳಿ ಜರ್‌ಫಾಲ್ಕನ್ ರಾಜರು ರಾಜರಿಗೆ ಕೊಡುವ ಉಡುಗೊರೆಯಾಗಿತ್ತು. ಐಸ್‌ಲ್ಯಾಂಡ್‌ನಲ್ಲಿ ಹಿಡಿದ ಹಕ್ಕಿಗಳು ಡೆನ್ಮಾರ್ಕ್ ದೊರೆಯ ಸ್ವತ್ತಾಗಿ, ಹಡಗೇರಿ ಯುರೋಪಿನ ಅರಮನೆಗಳಿಗೆ ಹೋಗುತ್ತಿದ್ದವು. ಈಗಲೂ ಕೊಲ್ಲಿ ರಾಷ್ಟ್ರಗಳಲ್ಲಿ ಸಾಕಿದ ಬಿಳಿ ಹಕ್ಕಿಗೆ ವಿಶೇಷ ಬೇಡಿಕೆ. ದುಬೈ, ದೋಹಾದಲ್ಲಿರುವ ನಮ್ಮ ಕರಾವಳಿಯವರು ಮಾಲೀಕರ ಕೈಗವಸಿನ ಮೇಲೆ ಕೂತ ಇಂಥ ಹಕ್ಕಿಗಳನ್ನು ನೋಡಿರುತ್ತಾರೆ. ಅಲ್ಲಿ ಚಾಣಗಳಿಗೆ ಪಾಸ್‌ಪೋರ್ಟ್ ಕೂಡ ಇದೆ. ನೀವು ಕಂಡ ಬಹಳಷ್ಟು ಚಿತ್ರಗಳು ಇಂಥ ಸಾಕಿದ ಹಕ್ಕಿಗಳವೇ. ಅವುಗಳಲ್ಲಿ ಸೇಕರ್ ಎಂಬ ಚಾಣ ಅಥವಾ ಪೆರೆಗ್ರಿನ್ ಜೊತೆ ಜರ್‌ಫಾಲ್ಕನ್ ಕೂಡಿಸಿ ಹುಟ್ಟಿಸಿದ ಮಿಶ್ರತಳಿಗಳೂ ಬಹಳ. ತಪ್ಪಿಸಿಕೊಂಡ ಮಿಶ್ರತಳಿ ಹಕ್ಕಿ ಬಯಲಲ್ಲಿ ಸಿಕ್ಕರೆ ಯಾವ ಗುರುತೂ ಸರಿಯಾಗಿ ಹೊಂದುವುದಿಲ್ಲ. ಹಾಗಾಗಿ ಎಲ್ಲೇ ಜರ್‌ಫಾಲ್ಕನ್ ಕಂಡರೂ ಕಾಲಿನಲ್ಲಿ ಚರ್ಮದ ಪಟ್ಟಿ ಇದೆಯೇ ಎಂದು ನೋಡಿ. ನಿಮ್ಮ ಹಕ್ಕಿಯ ಎರಡೂ ಕಾಲು ಖಾಲಿ.

ಎಡ್ಮಂಟನ್‌ನಲ್ಲಿ ಎಂದಾದರೂ ಅಚ್ಚ ಬಿಳಿ ಬೇಟೆಹಕ್ಕಿ ಕಂಡರೆ ಆತುರ ಬೇಡ. ದುಂಡು ತಲೆ, ಹಳದಿ ಕಣ್ಣಿದ್ದರೆ ಅದು ಹಿಮಗೂಬೆ. ವರ್ಣಕದ ಕೊರತೆಯಿಂದ ಬಿಳಿಯಾದ ರೆಡ್‌ಟೇಲ್ಡ್ ಹಾಕ್‌ಗಳೂ ಉತ್ತರ ಅಮೆರಿಕದಲ್ಲಿ ಆಗಾಗ ಕಾಣಸಿಗುತ್ತವೆ. ಅವುಗಳ ರೆಕ್ಕೆಯ ತುದಿಯಲ್ಲಿ ಗರಿಗಳು ಬೆರಳಿನಂತೆ ಬಿಡಿಬಿಡಿಯಾಗಿರುತ್ತವೆ, ಹಾರಾಟ ತೇಲಾಟದಂತೆ.

ಚಿತ್ರದ ಬಗ್ಗೆ ಒಂದು ಮಾತು. ಹಿಮದ ಮೇಲೆ ಕ್ಯಾಮೆರಾ ಮೋಸ ಮಾಡುತ್ತದೆ. ಸುತ್ತಲಿನ ಬಿಳುಪನ್ನು ಅತಿಯಾದ ಬೆಳಕೆಂದು ತಿಳಿದು ಇಡೀ ಚಿತ್ರವನ್ನು ಕತ್ತಲೆ ಮಾಡುತ್ತದೆ, ಬೂದು ಹಕ್ಕಿ ಕಪ್ಪಾಗಿಬಿಡುತ್ತದೆ. ಹಾರುವಾಗ ಇದಕ್ಕೆ ತದ್ವಿರುದ್ಧ: ನೆಲದ ಹಿಮದಿಂದ ಪುಟಿದ ಬೆಳಕು ಹೊಟ್ಟೆಯ ಮೇಲೆ ಬಿದ್ದು ಬೂದು ಹಕ್ಕಿಯೂ ಬಿಳಿಯಂತೆ ತೋರುತ್ತದೆ. ನಿಮ್ಮ ಒಂದನೆಯ ಮತ್ತು ಎರಡನೆಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಹಕ್ಕಿಗಳೇನೋ ಅನ್ನಿಸುವುದು ಇದಕ್ಕೇ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕು) ಅನ್ನು ಒಂದು ಸ್ಟಾಪ್ ಏರಿಸಿ ತೆಗೆಯಿರಿ, ಪಕ್ಕದಲ್ಲಿ ಪಾರಿವಾಳ, ಕಾಗೆ ಏನಾದರೂ ಇದ್ದರೆ ಅದನ್ನೂ ಚೌಕಟ್ಟಿನೊಳಗೆ ಸೇರಿಸಿ. ಹಕ್ಕಿ ತಿನ್ನುತ್ತಿರುವಾಗ ಕಾರಿನಿಂದ ಇಳಿಯದಿರುವುದು ಒಳ್ಳೆಯದು. ಮೈನಸ್ 25 ಡಿಗ್ರಿಯಲ್ಲಿ ಬಿಟ್ಟುಹೋದ ಒಂದು ಊಟ ಎಳೆಯ ಹಕ್ಕಿಗೆ ದೊಡ್ಡ ನಷ್ಟ.

ಕೊನೆಯಲ್ಲಿ ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ: ಈ ಹಕ್ಕಿ ದೊಡ್ಡದಾದ ಮೇಲೆ ಬಿಳಿಯಾಗುತ್ತದೆಯೇ? ಇಲ್ಲ. ವಸಂತದಲ್ಲಿ ಉತ್ತರಕ್ಕೆ ಹೋಗಿ ಬೇಸಿಗೆಯುದ್ದಕ್ಕೂ ಒಂದೊಂದೇ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಬರುವ ಚಳಿಗಾಲದಲ್ಲಿ ಇದೇ ಹಕ್ಕಿ ಇದೇ ಕಂಬಕ್ಕೆ ಬಂದರೂ ನಿಮಗೆ ಗುರುತು ಸಿಗಲಿಕ್ಕಿಲ್ಲ: ಕಂದು ಹೋಗಿ ಬೆನ್ನು ಸ್ಲೇಟಿನ ಬೂದಾಗಿರುತ್ತದೆ, ಅದರ ಮೇಲೆ ತಿಳಿ ಅಡ್ಡಪಟ್ಟೆ ಬಂದಿರುತ್ತವೆ, ಪಾದ ಹಳದಿಗೆ ತಿರುಗಿರುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಸದ್ಯಕ್ಕೆ ಹೀಗೆ ಬರೆದುಕೊಳ್ಳಿ: ಜರ್‌ಫಾಲ್ಕನ್, ಮೊದಲ ಚಳಿಗಾಲ, ಬೂದು, ಪಾರಿವಾಳದ ಅಳತೆಯಿಂದ ಬಹುಶಃ ಹೆಣ್ಣು. ‘ಬಹುಶಃ’ ಎಂಬ ಪದವನ್ನು ಬಿಡಬೇಡಿ, ದಿನಾಂಕವನ್ನೂ ಜಾಗವನ್ನೂ ಜೊತೆಗೇ ಬರೆಯಿರಿ.